ಪುಟ್ಟ ದೇಶಗಳು ಚೀನಾ, ತೈವಾನ್ ಪೈಕಿ ಯಾರ ಕಡೆ ಅಂತ ಹೇಗೆ ತೀರ್ಮಾನಿಸುತ್ತವೆ? ಬರೀ ದುಡ್ಡಿಗಾಗಿಯಾ?

ದುಡ್ಡು ಇದ್ದೇ ಇದೆ, ಸುಳ್ಳು ಹೇಳೋದ್ಯಾಕೆ. ಆದರೆ ಯಾವಾಗ ಕೇಳಿದರೆ ಜಾಸ್ತಿ ಸಿಗುತ್ತೆ ಅನ್ನೋ ಲೆಕ್ಕಾಚಾರ, ಆಯಾ ದೇಶದ ಚುನಾವಣೆ, ಇವೂ ಅಷ್ಟೇ ಕೆಲಸ ಮಾಡುತ್ತವೆ ಅನ್ನೋದು ನನ್ನ ಅಭಿಪ್ರಾಯ.

ಹಿನ್ನೆಲೆ ಇಷ್ಟೇ. 1949ರಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟರೆದುರು ಸೋತ ಸರ್ಕಾರ ತೈವಾನ್‌ಗೆ ಹೋಗಿ ಕೂತಿತು. ಚೀನಾದ ಅಸಲಿ ಸರ್ಕಾರ ನಮ್ಮದೇ ಅಂತ ಎರಡೂ ಕಡೆಯವರು ಹೇಳುತ್ತಿದ್ದರು. 1971ರಲ್ಲಿ ವಿಶ್ವಸಂಸ್ಥೆಯ ಸ್ಥಾನ ಬೀಜಿಂಗ್ ಪಾಲಾಯಿತು. ಬೀಜಿಂಗ್ ಷರತ್ತು ಒಂದೇ: ನಮ್ಮ ಸ್ನೇಹ ಬೇಕಾ, ತೈವಾನ್ ರಾಯಭಾರ ಕಚೇರಿ ಮುಚ್ಚಿಸಿ. ಭಾರತ 1950ರಲ್ಲೇ ಬೀಜಿಂಗ್ ಜೊತೆ ಸಂಬಂಧ ಬೆಳೆಸಿತ್ತು. ಈಗ ತೈವಾನ್ ಜೊತೆ ಉಳಿದಿರುವುದು ವ್ಯಾಟಿಕನ್ ಸೇರಿ 12 ಮಾತ್ರ.

ನೌರು ಗೊತ್ತಲ್ವಾ? ಪೆಸಿಫಿಕ್ ಸಾಗರದಲ್ಲಿ 21 ಚದರ ಕಿಲೋಮೀಟರಿನ ದ್ವೀಪ ದೇಶ, ಜನಸಂಖ್ಯೆ 12 ಸಾವಿರದ ಆಸುಪಾಸು. ಫಾಸ್ಫೇಟ್ ಅಗೆದು ಮಾರಿ ಒಂದು ಕಾಲಕ್ಕೆ ಮೆರೆದಿತ್ತು. ಅದು ಬರಿದಾದ ಮೇಲೆ ಮಾರಲು ಉಳಿದದ್ದು, ಯಾರನ್ನು ಚೀನಾದ ಸರ್ಕಾರ ಅಂತ ಒಪ್ಪುತ್ತೇವೆ ಅನ್ನೋ ಈ ಮಾನ್ಯತೆಯೇ! 2002ರಲ್ಲಿ ಚೀನಾ ಕಡೆ ಹೋಯಿತು, 2005ರಲ್ಲಿ ತೈವಾನ್‌ಗೆ ವಾಪಸ್ ಬಂತು, 2024ರಲ್ಲಿ ಮತ್ತೆ ಚೀನಾ. ಸಮಯ ನೋಡಿ: ತೈವಾನ್ ಅಧ್ಯಕ್ಷೀಯ ಚುನಾವಣೆ ನಡೆದದ್ದು ಜನವರಿ 13ಕ್ಕೆ, ನೌರು ಘೋಷಣೆ ಬಂದದ್ದು 15ಕ್ಕೆ. ಬೀಜಿಂಗ್‌ಗೆ ಇಷ್ಟವಿಲ್ಲದವರು ಗೆದ್ದಿದ್ದರು. ಇದು ಸುಮ್ನೆ ಕೂಡಿಬಂದದ್ದು ಅಂದರೆ ನಾನಂತೂ ನಂಬಲ್ಲ.

ಕ್ರಿಕೆಟ್ ನೋಡುವವರಿಗೆ ಕೆರಿಬಿಯನ್ ದ್ವೀಪ ದೇಶ ಗ್ರೆನಡಾದ ಕಥೆ ಹೇಳಲೇಬೇಕು. 2004ರ ಇವಾನ್ ಚಂಡಮಾರುತಕ್ಕೆ ಅಲ್ಲಿನ ಕ್ರೀಡಾಂಗಣ ನುಚ್ಚುನೂರಾಯಿತು. ಮರುವರ್ಷದ ಆರಂಭದಲ್ಲೇ ಗ್ರೆನಡಾ ತೈವಾನ್ ಬಿಟ್ಟು ಚೀನಾ ಕೈ ಹಿಡಿಯಿತು. 2007ರ ವಿಶ್ವಕಪ್‌ಗೆ (ನಾವು ಮೊದಲ ಸುತ್ತಲ್ಲೇ ಮನೆಗೆ ಬಂದೆವಲ್ಲ, ಅದೇ) ಚೀನಾ ಹೊಸ ಕ್ರೀಡಾಂಗಣ ಕಟ್ಟಿಕೊಟ್ಟಿತು. ಉದ್ಘಾಟನೆಗೆ ಚೀನಾ ರಾಯಭಾರಿ ಬಂದು ಕೂತಿದ್ದಾರೆ, ಪೊಲೀಸ್ ಬ್ಯಾಂಡ್‌ನವರು ನುಡಿಸಿದ್ದು ತೈವಾನ್ ರಾಷ್ಟ್ರಗೀತೆ! ಪ್ರಧಾನಿ ತನಿಖೆಗೆ ಆದೇಶಿಸಬೇಕಾಯಿತು. ಪಾಪ, ವರ್ಷಗಟ್ಟಲೆ ಅದನ್ನೇ ನುಡಿಸಿದ ಕೈಗಳು.

ಇನ್ನು ಪಕ್ಷ ರಾಜಕೀಯ. ಕೆರಿಬಿಯನ್‌ನದ್ದೇ ಇನ್ನೊಂದು ದ್ವೀಪ ಸೇಂಟ್ ಲೂಸಿಯಾದಲ್ಲಿ 1997ರಲ್ಲಿ ಲೇಬರ್ ಪಕ್ಷ ಬಂದು ಚೀನಾಕ್ಕೆ ಮಾನ್ಯತೆ ಕೊಟ್ಟಿತು. ಎದುರಾಳಿಗಳು ಗೆದ್ದು 2007ರಲ್ಲಿ ತೈವಾನ್‌ಗೆ ಮರಳಿದರು. 2011ರಲ್ಲಿ ಲೇಬರ್ ಪಕ್ಷವೇ ಮತ್ತೆ ಬಂತು, ಆದರೆ ಈ ಸಲ ಬದಲಿಸಲಿಲ್ಲ. ನನಗನಿಸೋದು, ಚೀನಾ ಕಡೆ ಹೋದರೆ ನೀವು ನೂರೆಂಬತ್ತರಲ್ಲಿ ಒಬ್ಬರು. ತೈವಾನ್‌ಗಾದರೋ ನೀವು ಫೋನ್ ಮಾಡಿದರೆ ಎತ್ತಲೇಬೇಕು.

ಎಲ್ಲರಿಗೂ ಈ ಲೆಕ್ಕ ಒಪ್ಪಿಗೆಯಿಲ್ಲ. ದಕ್ಷಿಣ ಅಮೆರಿಕದ ಪರಾಗ್ವೆಯ ಸೋಯಾ ಬೆಳೆಗಾರರಿಗೆ, ದನ ಸಾಕುವವರಿಗೆ ಚೀನಾದ ಮಾರುಕಟ್ಟೆ ಮೇಲೆ ಕಣ್ಣು. 2023ರ ಚುನಾವಣೆಯಲ್ಲೂ ಇದು ಚರ್ಚೆಗೆ ಬಂತು. ಗೆದ್ದದ್ದು ಮಾತ್ರ ತೈವಾನ್ ಬಿಡಲ್ಲ ಅಂದ ಸಾಂಟಿಯಾಗೊ ಪೆನ್ಯಾ. ಅವರ ದನದ ಮಾಂಸ ತೈವಾನ್‌ಗೆ ಈಗಲೂ ಹೋಗುತ್ತಿದೆ.