ಬಾಟಲಿ ಮುಚ್ಚಳಕ್ಕೆ ತುಕ್ಕು ಹಿಡಿಯದಂತೆ

ಮನೆಯಲ್ಲಿ ಮಾಡಿದ ಬಿಯರ್ ತುಂಬಿಸಿಟ್ಟ ಕೆಲವೇ ವಾರಗಳಲ್ಲಿ ಮುಚ್ಚಳದ ಅಂಚಿಗೆ ತುಕ್ಕು ಬರುತ್ತಿದೆ, ತಡೆಯೋದು ಹೇಗೆ ಅಂತ ಕೇಳಿದ್ದೀರಿ. ಮೊದಲಿಗೆ, ತುಕ್ಕು ಹೊರಗಡೆ ಮಾತ್ರ ಇದ್ದರೆ ಹೆದರಬೇಡಿ. ಒಳಗಿನ ಪ್ಲಾಸ್ಟಿಕ್ ಪದರ ಸರಿಯಿದ್ದರೆ ಅದು ಬಿಯರಿಗೆ ತಾಗುವುದಿಲ್ಲ.

ಮುಚ್ಚಳ ಉಕ್ಕಿನದು, ಮೇಲೆ ತವರ ಅಥವಾ ಕ್ರೋಮಿಯಂನ ತೆಳು ಲೇಪ ಇರುತ್ತದೆ. ಆದರೆ ಹಾಳೆಯಿಂದ ಕತ್ತರಿಸಿದ ಅಂಚಿನಲ್ಲಿ ಉಕ್ಕು ಬರಿದಾಗಿಯೇ ಉಳಿಯುತ್ತದೆ, ಮುಚ್ಚಳ ಒತ್ತುವ ಯಂತ್ರ ಗೀರಿದ ಕಡೆಯೂ ಅಷ್ಟೇ. ಒದ್ದೆ ಮುಚ್ಚಳ ಹಾಕಿದಾಗ, ಇಲ್ಲವೇ ನೊರೆ ಚೆಲ್ಲಿ ಕತ್ತಿನ ಮೇಲೆ ಇಳಿದಾಗ, ಆ ತೇವ ಅಂಚಿನ ಮಡಿಕೆಗಳ ಕೆಳಗೆ ಸಿಕ್ಕಿಕೊಂಡು ಬೇಗ ಒಣಗುವುದೇ ಇಲ್ಲ. ತುಕ್ಕು ಶುರುವಾಗೋದು ಅಲ್ಲೇ.

ಕ್ರಿಮಿ ಸಾಯಲಿ ಅಂತ ಮುಚ್ಚಳಗಳನ್ನು ಬ್ಲೀಚ್ ನೀರಿನಲ್ಲಿ ನೆನೆಸುತ್ತಿದ್ದರೆ ಇವತ್ತೇ ನಿಲ್ಲಿಸಿ, ಅದು ಲೋಹವನ್ನು ಬೇಗ ತಿನ್ನುತ್ತದೆ. ಬಿಯರ್ ಮಾಡುವವರು ಬಳಸುವ ಕ್ರಿಮಿನಾಶಕ ಸ್ಟಾರ್ ಸ್ಯಾನ್‌ನಂಥ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಚೆನ್ನಾಗಿ ಕೊಡವಿದರೆ ಸಾಕು, ಸುಮ್ನೆ ರಾತ್ರಿಯಿಡೀ ನೆನೆಹಾಕಬೇಡಿ. ಮುಚ್ಚಳ ಒತ್ತಿದ ಮೇಲೆ ಬಾಟಲಿಯ ಕತ್ತನ್ನು ಸಾದಾ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಡೆ ಪೂರ್ತಿ ಒಣಗಲು ಬಿಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವುದು ಇದೇ. ಒದ್ದೆ ಬಾಟಲಿಗಳನ್ನು ಹಾಗೇ ರಟ್ಟಿನ ಪೆಟ್ಟಿಗೆಗೆ ತುಂಬಬೇಡಿ.

ಈಗಾಗಲೇ ತುಕ್ಕು ಬಂದಿರುವುದನ್ನು ತೆರೆದಾಗ ಬಾಟಲಿಯ ಬಾಯಿಯ ಸುತ್ತ ಒರೆಸಿ ಆಮೇಲೆ ಸುರಿಯಿರಿ.