32 ಫ್ಲ್ಯಾಟಿನ ಕೆಲಸ ಹಿಡಿಯಲೇ, ಬಿಡಲೇ?

ಪ್ರಶ್ನೆ: ಕಾಪುವಿನಲ್ಲಿ ಹನ್ನೆರಡು ವರ್ಷದಿಂದ ಮನೆ ವೈರಿಂಗ್ ಮಾಡುತ್ತಿದ್ದೇನೆ. ಲೈಸೆನ್ಸ್ ಇದೆ, ಜೊತೆಗೆ ಮೂವರು ಹುಡುಗರಿದ್ದಾರೆ. ಈಗ ಸುರತ್ಕಲ್‌ನಲ್ಲಿ 32 ಫ್ಲ್ಯಾಟಿನ ಕೆಲಸಕ್ಕೆ ಕರೆದಿದ್ದಾರೆ. ಸಾಮಾನು ಸೇರಿ 24 ಲಕ್ಷ. ಬಿಲ್ ಕೊಟ್ಟ 45 ದಿನಕ್ಕೆ ಹಣ, ಅದರಲ್ಲೂ ಶೇ 5 ಒಂದು ವರ್ಷ ಹಿಡಿದಿಡುತ್ತಾರಂತೆ. ನನ್ನ ಕೈಯಲ್ಲಿರುವುದು 3 ಲಕ್ಷ. ಏನು ಮಾಡಲಿ ಸರ್?

ಉತ್ತರ: ನಿಮ್ಮ ಕೈಕೆಲಸದ ಬಗ್ಗೆ ನನಗೆ ಸಂಶಯ ಇಲ್ಲ. ಕಷ್ಟ ಇರುವುದು ಶನಿವಾರ ಸಂಜೆ, ಸಂಬಳ ಕೊಡುವ ಹೊತ್ತಿಗೆ.

ಈ ಕೆಲಸಕ್ಕೆ ಒಂಬತ್ತು ಜನ ಬೇಕು ಅಂತಿಟ್ಟುಕೊಳ್ಳಿ. ದಿನಕ್ಕೆ 900 ಹಿಡಿದರೂ ವಾರಕ್ಕೆ 48,600 ರೂಪಾಯಿ. ಎರಡು ವಾರ ದುಡಿದು ಬಿಲ್ ಕೊಟ್ಟು, 45 ದಿನ ಕಾದರೆ ಎಂಟು ವಾರ ಆಯಿತು. ಸಂಬಳಕ್ಕೇ 3,88,800! ಪೈಪ್, ವೈರ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಕಡ್ಡಾಯ. ಶೇ 18 ತೆರಿಗೆ ಕಟ್ಟುವ ದಿನ ನಿಮ್ಮ ಹಣ ಬರುವವರೆಗೆ ಕಾಯುವುದಿಲ್ಲ.

ನನ್ನ ಮೊದಲ ಅಪಾರ್ಟ್‌ಮೆಂಟ್ ಕೆಲಸದ್ದು ಹೇಳುತ್ತೇನೆ. ಸ್ಲ್ಯಾಬಿಗೆ ಪೈಪ್ ಹಾಕಿ ಮನೆಗೆ ಬಂದಿದ್ದೆ. ಕಾಂಕ್ರೀಟ್ ಹಾಕುವಾಗ ಯಾರೋ ತುಳಿದು ಪೈಪ್ ತಿರುಗುವ ಕಡೆ ಹಾಕುವ ಒಂದು ಬೆಂಡ್ ಬಾಯಿಬಿಟ್ಟಿತ್ತು. ಮೂರು ತಿಂಗಳ ನಂತರ ವೈರ್ ಎಳೆಯಲು ಪೈಪಿನೊಳಗೆ ಸ್ಪ್ರಿಂಗ್ ತೂರಿಸಿದರೆ ಒಂದೂವರೆ ಅಡಿಗೆ ಟಕ್ಕೆಂದು ನಿಂತಿತು. ಒಳಗೆ ಸಿಮೆಂಟ್ ನೀರು ಕಲ್ಲಾಗಿತ್ತು. ಗೋಡೆ ಕೊರೆದು ಬೇರೆ ದಾರಿ ಮಾಡಿದ ಖರ್ಚೆಲ್ಲ ನನ್ನ ತಲೆಗೇ ಬಂತು. ಹಿಡಿದಿಟ್ಟ ಹಣವನ್ನೂ ಅದರ ಹೆಸರಲ್ಲೇ ಮುರಿದುಕೊಂಡರು. ಹೆಂಡತಿಯ ಬಳೆ ಒಂದೂವರೆ ವರ್ಷ ಸೊಸೈಟಿಯಲ್ಲಿ ಅಡವಿತ್ತು. ಬಿಡಿಸಿ ತಂದ ದಿನ ಅವಳು ಒಂದು ಮಾತೂ ಆಡಲಿಲ್ಲ.

ಹಾಗಂತ ಬಿಟ್ಟುಬಿಡಿ ಅನ್ನುವುದಿಲ್ಲ. ಇಂಥ ಕರೆ ದಿನಾ ಬರುವುದಿಲ್ಲ ಅಲ್ವಾ? ಸಾಮಾನು ಅವರದ್ದು, ಲೇಬರ್ ಮಾತ್ರ ನನ್ನದು ಅನ್ನಿ. ತಾಮ್ರದ ರೇಟು ಏರಿದರೆ ಆ ಚಿಂತೆಯೂ ನಿಮಗಿಲ್ಲ. ಹದಿನೈದು ದಿನಕ್ಕೊಂದು ಬಿಲ್, ವಾರದೊಳಗೆ ಹಣ ಎಂದು ಬರೆಸಿಕೊಳ್ಳಿ. ಮೊದಲು ಎರಡು ಮಹಡಿ ಮಾತ್ರ ಒಪ್ಪಿಕೊಳ್ಳಿ. ಪ್ರತಿ ಸ್ಲ್ಯಾಬಿಗೂ ಕಾಂಕ್ರೀಟ್ ಬೀಳುವ ಮೊದಲು ಪೈಪಿನ ಫೋಟೋ ತೆಗೆದು ಸೈಟ್ ಎಂಜಿನಿಯರ್ ಸಹಿ ತಗೊಳ್ಳಿ. ಕಾಂಕ್ರೀಟ್ ಹಾಕುವ ದಿನ ನೀವೇ ಅಲ್ಲಿ ನಿಲ್ಲಿ, ಊಟಕ್ಕೂ ಹೋಗಬೇಡಿ. ಇದಕ್ಕೆ ಯಾವುದಕ್ಕೂ ಅವರು ಒಪ್ಪದಿದ್ದರೆ, ಕೈಮುಗಿದು ವಾಪಸ್ ಬನ್ನಿ.

ಮತ್ತೊಂದು. ಜೂನ್ ಮಳೆ ಶುರುವಾದ ಕೂಡಲೇ ಟ್ರಿಪ್ ಆಗ್ತಾ ಉಂಟು ಎಂದು ಫೋನ್ ಮಾಡುವ ನಿಮ್ಮ ಹಳೆ ಮನೆಗಳಿವೆ. ಹನ್ನೆರಡು ವರ್ಷ ನಿಮಗೆ ಅನ್ನ ಹಾಕಿದ್ದು ಅವರೇ. ಇರುವ ಮೂವರಲ್ಲಿ ಒಬ್ಬ ಹುಡುಗನನ್ನು ಕಾಪುವಿನಲ್ಲೇ ಬಿಡಿ.