ಬೆಂಗಳೂರಿನಲ್ಲಿ ಭೂಕಂಪ ಆದರೆ ಗೊತ್ತಾಗುತ್ತಾ?

ನೀವು ಕೇಳಿದ್ದು ಇಷ್ಟು: ಆರನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೀರಿ. ಒಂದು ರಾತ್ರಿ ಮಂಚ ಅಲುಗಿದ ಹಾಗಾಯ್ತು. ಅದು ಭೂಕಂಪವೋ ಸುಮ್ನೆ ಹಾಗನ್ನಿಸಿತೋ ಗೊತ್ತಾಗಲಿಲ್ಲ. ಬೆಂಗಳೂರಿನಲ್ಲಿ ನಿಜವಾದ ಭೂಕಂಪ ಕಂಡವರು ಇದ್ದಾರಾ, ಹೇಗಿರುತ್ತೆ, ಆಗ ಏನು ಮಾಡಬೇಕು?

ನಾನು ಕಂಡಿದ್ದೇನೆ. ಎರಡು ಸಲ. ಎರಡೂ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗಿದ್ದವು.

ಮೊದಲನೆಯದು 2001ರ ಜನವರಿ 29, ಸೋಮವಾರ. ಬೆಳಿಗ್ಗೆ ಎಂಟು ಗಂಟೆ ದಾಟಿ ಕೆಲವೇ ನಿಮಿಷ ಆಗಿತ್ತು. ಆಗ ನಾವು ಹನುಮಂತನಗರದ ಒಂದು ವಠಾರದಲ್ಲಿದ್ದೆವು. ನಾನು ಸಿವಿಲ್ ಡಿಪ್ಲೊಮಾ ಓದುತ್ತಿದ್ದೆ. ಬಾಗಿಲ ಹತ್ತಿರ ಕೂತು ಶೂ ಹಾಕಿಕೊಳ್ಳುತ್ತಿದ್ದೆ. ಅಮ್ಮ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು.

ಮೊದಲು ಬಂದಿದ್ದು ಸದ್ದು. ಹಿಂದಿನ ರಸ್ತೆಯಲ್ಲಿ ಯಾರೋ ಒಂದು ಲಾರಿ ಜಲ್ಲಿ ಸುರಿದ ಹಾಗೆ. ನಾನು ಹಾಗೇ ಅಂದುಕೊಂಡೆ ಕೂಡ. ಆಮೇಲೆ ಅಡುಗೆಮನೆಯ ಶೆಲ್ಫಿನ ಸ್ಟೀಲ್ ಡಬ್ಬಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನತೊಡಗಿದವು. ಗೋಡೆಯ ಮೊಳೆಗೆ ನೇತುಹಾಕಿದ್ದ ಜರಡಿ ತಾನಾಗೇ ಆಡುತ್ತಿತ್ತು. ಅಮ್ಮ ತಲೆ ಎತ್ತಿ, "ಮೇಲೆ ಯಾರೋ ಓಡಾಡ್ತಿದ್ದಾರೆ ನೋಡೋ" ಅಂದಳು. ನಮ್ಮ ಮನೆಯ ಮೇಲೆ ಮಹಡಿಯೇ ಇರಲಿಲ್ಲ. ಅಪ್ಪ ಗೋಡೆ ಹಿಡಿದು ನಿಂತಿದ್ದರು, ಬಿಪಿ ಜಾಸ್ತಿಯಾಗಿ ತಲೆ ಸುತ್ತುತ್ತಿದೆ ಅಂದುಕೊಂಡು. ಅಷ್ಟರಲ್ಲಿ ಎಲ್ಲ ನಿಂತುಹೋಯಿತು. ಪಕ್ಕದ ಮನೆಯಿಂದ ಯಾರೋ "ಭೂಕಂಪ! ಆಚೆ ಬನ್ನಿ!" ಅಂತ ಕೂಗಿದ ಮೇಲೆಯೇ ನಮಗೆ ಅರ್ಥವಾಗಿದ್ದು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಅದಕ್ಕೆ ಮೂರೇ ದಿನ ಮೊದಲು ಗುಜರಾತಿನ ಭುಜ್‌ನಲ್ಲಿ ಭಾರೀ ಭೂಕಂಪ ಆಗಿತ್ತು, ಗಣರಾಜ್ಯೋತ್ಸವದ ದಿನವೇ. ಮೂರು ದಿನವೂ ಟಿವಿ ಮುಂದೆ ಕೂತು ಅದನ್ನೇ ನೋಡಿದ್ದೆವು. ಊರಿಗೆ ಊರೇ ಭೂಕಂಪದ ಮಾತಾಡುತ್ತಿತ್ತು. ಅಷ್ಟಾದರೂ ನಮ್ಮ ಕಾಲ ಕೆಳಗೇ ನೆಲ ನಡುಗಿದಾಗ ನಮಗೆ ಹೊಳೆದದ್ದು ಲಾರಿ, ಬಿಪಿ, ಮೇಲಿನ ಮನೆಯವರು. ಭೂಕಂಪ ಅನ್ನುವ ಪದ ಕೊನೆಗೆ ಬಂತು. ರೂಢಿ ಇಲ್ಲದ ಊರಿನಲ್ಲಿ ಆಗುವುದೇ ಹೀಗೆ. ಇರುವ ಕೆಲವು ಸೆಕೆಂಡು ಇದೇನು ಅಂತ ಯೋಚಿಸುವುದರಲ್ಲೇ ಕಳೆದುಹೋಗುತ್ತದೆ.

ಎಲ್ಲರೂ ರಸ್ತೆಗೆ ಬಂದೆವು. ಇನ್ನೊಂದು ದೊಡ್ಡದು ಬರುತ್ತಂತೆ ಅನ್ನುವ ಸುದ್ದಿ ಹತ್ತು ನಿಮಿಷದಲ್ಲಿ ಹುಟ್ಟಿಕೊಂಡಿತು. ಇಷ್ಟು ಗಂಟೆಗೆ ಬರುತ್ತೆ ಅಂತ ಹೇಳಬಲ್ಲ ಯಂತ್ರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅದು ಗೊತ್ತಿಲ್ಲದೆ ಮಕ್ಕಳನ್ನು ಎತ್ತಿಕೊಂಡು ಬಿಸಿಲಲ್ಲಿ ನಿಂತೇ ಇದ್ದೆವು. ಸುಟ್ಟ ವಾಸನೆ ಬಂದ ಮೇಲೆ ಅಮ್ಮನಿಗೆ ನೆನಪಾಯ್ತು. ಒಲೆ ಉರಿಯುತ್ತಲೇ ಇತ್ತು. ಬಾಣಲೆಯಲ್ಲಿ ರವೆ ಕರಿಯಾಗಿ ಹೊಗೆ ಅಡುಗೆಮನೆಯೆಲ್ಲ ತುಂಬಿತ್ತು. ಆ ದಿನ ನಮ್ಮ ಮನೆಗೆ ನಿಜವಾದ ಅಪಾಯ ಇದ್ದಿದ್ದು ಅಲ್ಲಿ.

ಆ ಭೂಕಂಪದ ಕೇಂದ್ರ ಇದ್ದಿದ್ದು ಮಂಡ್ಯ ಮೈಸೂರಿನ ಕಡೆ, ತೀವ್ರತೆ 4.3. ಭುಜ್‌ನದು 7.7. ಈ ಲೆಕ್ಕದಲ್ಲಿ ಒಂದು ಅಂಕಿ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಜಾಸ್ತಿ. ಅಂದರೆ ನಮ್ಮನ್ನು ಅಷ್ಟು ಹೆದರಿಸಿದ್ದಕ್ಕಿಂತ ಭುಜ್‌ನದು ಲಕ್ಷ ಪಟ್ಟಿಗೂ ದೊಡ್ಡದು. ಅದನ್ನು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡನೆಯದು 2012ರ ಏಪ್ರಿಲ್ 11. ಅಷ್ಟರಲ್ಲಿ ನಾನು ಕಟ್ಟಡದ ಸೈಟುಗಳಲ್ಲಿ ಕೆಲಸ ಮಾಡುತ್ತಿದ್ದೆ. ಡ್ರಾಯಿಂಗ್ ತೋರಿಸಲು ಒಂದು ಆಫೀಸಿಗೆ ಹೋಗಿದ್ದೆ, ಒಂಬತ್ತನೇ ಮಹಡಿ. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಈ ಸಲ ಸದ್ದೇ ಇಲ್ಲ. ಮೊದಲು ಹೊಟ್ಟೆಯಲ್ಲಿ ಒಂಥರಾ ಆಯ್ತು, ತೆಪ್ಪದಲ್ಲಿ ಕೂತ ಹಾಗೆ. ಟೇಬಲ್ ಮೇಲಿದ್ದ ಬಾಟಲಿಯ ನೀರು ನಿಧಾನಕ್ಕೆ ಈ ಕಡೆ ಆ ಕಡೆ ವಾಲುತ್ತಿತ್ತು. ಕಿಟಕಿ ಪರದೆಯ ದಾರ ಗಡಿಯಾರದ ಲೋಲಕದ ಹಾಗೆ ತೂಗುತ್ತಿತ್ತು. ನಾನು "ಭೂಕಂಪ" ಅಂದೆ. ಯಾರಿಗೂ ನಂಬಿಕೆ ಬರಲಿಲ್ಲ. ದಾರ ತೋರಿಸಿದ ಮೇಲೆ ನಂಬಿದರು.

ಕೆಳಗೆ ಬಂದು ಮನೆಗೆ ಫೋನ್ ಮಾಡಿದೆ. ಹೆಂಡತಿಗೆ ಏನೂ ಗೊತ್ತಾಗಿರಲಿಲ್ಲ. ನಮ್ಮದು ನೆಲಮಹಡಿ ಮನೆ. ಆಮೇಲೆ ಸುದ್ದಿ ಬಂತು: ಇಂಡೋನೇಷ್ಯಾದ ಸುಮಾತ್ರಾ ಬಳಿ ಸಮುದ್ರದಡಿ 8.6 ತೀವ್ರತೆಯ ಭೂಕಂಪ. ಇಲ್ಲಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರ! ಅಷ್ಟು ದೂರ ಬರುವಷ್ಟರಲ್ಲಿ ಚುರುಕಾಗಿ ಅದುರಿಸುವ ಅಲೆಗಳು ಸತ್ತುಹೋಗಿ, ನಿಧಾನಕ್ಕೆ ತೂಗಿಸುವ ಅಲೆಗಳು ಮಾತ್ರ ಉಳಿಯುತ್ತವೆ. ಎತ್ತರದ ಕಟ್ಟಡಗಳ ತೂಗಾಟವೂ ನಿಧಾನವೇ. ಉಯ್ಯಾಲೆಯನ್ನು ಅದರ ಲಯಕ್ಕೇ ತಳ್ಳಿದರೆ ಹೇಗೆ ಜೋರಾಗುತ್ತೋ ಹಾಗೆ, ಎರಡೂ ಕೂಡಿದಾಗ ಮೇಲಿನ ಮಹಡಿಯವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಹಾಗಾಗಿ ನಿಮ್ಮ ಮಂಚದ ವಿಷಯ. ಅದು ಮೆಟ್ರೊ ಕೆಲಸವೋ, ಬೋರ್‌ವೆಲ್ ಕೊರೆಯುವುದೋ, ಭಾರದ ಲಾರಿಯೋ ಆಗಿರುವ ಸಾಧ್ಯತೆಯೇ ಜಾಸ್ತಿ. ಮುಂದಿನ ಸಲ ನೇತಾಡುವ ವಸ್ತು ನೋಡಿ. ಆರಿಸಿದ ಫ್ಯಾನು, ನೇತುಬಿಟ್ಟ ದೀಪ, ಬಕೆಟ್ಟಿನ ನೀರು. ಬರೀ ಢಂ ಅಂತ ಸದ್ದು ಬಂದು ಕಿಟಕಿ ಅದುರಿದರೆ ಅದು ಬೇರೆಯೇ ಇರಬಹುದು. 2020ರ ಮೇ 20ರಂದು ಇಡೀ ಬೆಂಗಳೂರು ಭೂಕಂಪ ಅಂದುಕೊಂಡ ಆ ಸದ್ದು ವಾಯುಪಡೆಯ ವಿಮಾನದ್ದು. ಆದರೆ 2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಕಡೆ ಐದೇ ನಿಮಿಷದ ಅಂತರದಲ್ಲಿ ಆದ ಎರಡು ಕಂಪನಗಳು ನಿಜವಾದವು. ತೀವ್ರತೆ 3ರ ಆಸುಪಾಸು. ಅನುಮಾನ ಬಂದರೆ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ ಜಾಲತಾಣ ತೆಗೆದು ದಿನಾಂಕ, ಹೊತ್ತು ಹೋಲಿಸಿ ನೋಡಿ. ಚಿಕ್ಕ ಕಂಪನಗಳನ್ನೂ ಅಲ್ಲಿ ಹಾಕುತ್ತಾರೆ.

ಬೆಂಗಳೂರಿಗೆ ಭೂಕಂಪ ಬರಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ದೇಶದ ಭೂಕಂಪ ಅಪಾಯದ ನಕ್ಷೆಯಲ್ಲಿ ನಮ್ಮದು ಅಪಾಯ ಕಡಿಮೆ ಇರುವ 2ನೇ ವಲಯ, ನಿಜ. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದೂ ನಿಜ. ಆದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನೂ ಹಾಗೇ ಸುರಕ್ಷಿತ ಅಂದುಕೊಂಡಿದ್ದರು. ಆಗಿನ ನಕ್ಷೆಯಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕು ಗಂಟೆಗೆ ಮುಂಚೆ ಅಲ್ಲಿ ಭೂಮಿ ನಡುಗಿತು. ತೀವ್ರತೆ 6.2. ಗಣೇಶನನ್ನು ಬಿಟ್ಟು ಬಂದು ಮಲಗಿದ್ದ ಜನ. ಸುಮಾರು ಹತ್ತು ಸಾವಿರ ಜನ ಹೋದರು. ಮಣ್ಣಲ್ಲಿ ಕಲ್ಲು ಕೂರಿಸಿ ಕಟ್ಟಿದ್ದ ದಪ್ಪ ಗೋಡೆಗಳೇ ಅವರ ಮೇಲೆ ಬಿದ್ದವು.

ಅದಕ್ಕೇ ನನಗೆ ನೆಲಕ್ಕಿಂತ ಕಟ್ಟಡದ ಚಿಂತೆ ಜಾಸ್ತಿ. ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ಕೆಳಗೆ ಬರೀ ಕಂಬ, ಪಾರ್ಕಿಂಗ್. ಮೇಲೆ ಗೋಡೆ ತುಂಬಿದ ಮನೆಗಳು. ಕಂಪನ ಬಂದಾಗ ಮೇಲಿನ ಭಾಗವೆಲ್ಲ ಒಂದೇ ಪೆಟ್ಟಿಗೆಯ ಹಾಗೆ ಗಟ್ಟಿಯಾಗಿ ಓಡಾಡುತ್ತದೆ. ಬಾಗುವ ಕೆಲಸವೆಲ್ಲ ಕೆಳಗಿನ ಕಂಬಗಳ ತಲೆಗೆ ಬೀಳುತ್ತದೆ. ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಇಂಥ ಅಪಾರ್ಟ್‌ಮೆಂಟುಗಳು ಕುಸಿದವು. ಜೊತೆಗೆ ನಮ್ಮಲ್ಲಿ ಕೆರೆ ಮುಚ್ಚಿ ಕಟ್ಟಿದ ಜಾಗ ಬೇಕಾದಷ್ಟಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಬಂಡೆಯ ಮೇಲಿನ ಮನೆಗಿಂತ ಮೆತ್ತನೆ ಹೂಳಿನ ಮೇಲಿನ ಮನೆ ಜಾಸ್ತಿ ಅಲ್ಲಾಡುತ್ತದೆ.

ಸೈಟಿನಲ್ಲಿ ನಾನು ಒಂದು ವಿಷಯಕ್ಕೆ ಪ್ರತಿ ಸಲ ಜಗಳ ಆಡುತ್ತೇನೆ. ಕಂಬದ ಉದ್ದ ಕಂಬಿಗಳಿಗೆ ಸುತ್ತ ರಿಂಗ್ ಹಾಕುತ್ತಾರಲ್ಲ, ಅದರ ತುದಿಯನ್ನು ಬರೀ 90 ಡಿಗ್ರಿ ಮಡಚಿ ಬಿಡುತ್ತಾರೆ. ಅಲುಗಾಟ ಜಾಸ್ತಿಯಾಗಿ ಹೊರಗಿನ ಕಾಂಕ್ರೀಟ್ ಉದುರಿದರೆ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. 135 ಡಿಗ್ರಿ ಒಳಕ್ಕೆ ಮಡಚಿದರೆ ಕೊಕ್ಕೆ ಕಾಂಕ್ರೀಟಿನ ಒಳಗೇ ಕಚ್ಚಿಕೊಂಡು ಕೂರುತ್ತದೆ. 2ನೇ ವಲಯದಲ್ಲಿ ಇದು ಕಡ್ಡಾಯ ಅಲ್ಲ. ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು, ಕೆಲಸ ಸ್ವಲ್ಪ ನಿಧಾನ ಅಷ್ಟೆ. ಮನೆ ಕಟ್ಟಿಸುತ್ತಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಕಾಂಕ್ರೀಟ್ ಹಾಕುವ ಮುಂಚೆ ದಯವಿಟ್ಟು ಒಮ್ಮೆ ಹೋಗಿ ಆ ಕೊಕ್ಕೆ ನೋಡಿ.

ನಿಮ್ಮ ಹಾಗೆ ಆರನೇ ಮಹಡಿಯಲ್ಲಿ ಇರುವವರು ನಡುಗುವಾಗ ಮೆಟ್ಟಿಲ ಕಡೆ ಓಡಬಾರದು. ಗಟ್ಟಿ ಟೇಬಲ್ ಕೆಳಗೆ ತೂರಿ ಅದರ ಕಾಲು ಹಿಡಿದುಕೊಳ್ಳಿ, ಗಾಜಿನಿಂದ ದೂರ ಇರಿ. ಒಲೆ ಕೈಗೆ ಸಿಗುವಷ್ಟು ಹತ್ತಿರ ಇದ್ದರೆ ಆರಿಸಿ. ನಿಂತ ಮೇಲೆ ಮೆಟ್ಟಿಲಿಳಿದು ಬನ್ನಿ, ಲಿಫ್ಟ್ ಬೇಡ. ಕೆಳಗೆ ಬಂದವರು ಕಾಂಪೌಂಡ್ ಗೋಡೆ, ಟ್ರಾನ್ಸ್‌ಫಾರ್ಮರ್ ಪಕ್ಕ ನಿಲ್ಲಬೇಡಿ. ಅಟ್ಟದ ಮೇಲಿನ ಭಾರದ ಪಾತ್ರೆ ಇವತ್ತೇ ಇಳಿಸಿಡಿ. ಮನೆಯವರ ಹತ್ತಿರ ಇದನ್ನೆಲ್ಲ ಒಂದು ಸಲ ಬಾಯಿಬಿಟ್ಟು ಮಾತಾಡಿ. ಆ ಹೊತ್ತಿಗೆ ತಲೆ ಓಡುವುದಿಲ್ಲ, ಮೊದಲೇ ಹೇಳಿಕೊಂಡಿದ್ದು ಮಾತ್ರ ನೆನಪಿಗೆ ಬರುತ್ತದೆ. ನಮ್ಮಮ್ಮ ಈಗಲೂ ಶೆಲ್ಫಿನ ಡಬ್ಬ ಸ್ವಲ್ಪ ಕಿಣಿ ಅಂದರೆ ಸಾಕು, ಮೊದಲು ಒಲೆಯ ತಿರುಗಣಿಗೆ ಕೈ ಹಾಕುತ್ತಾಳೆ.

ನಿಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಬರೀ ಕಂಬಗಳೋ, ನಡುನಡುವೆ ಕಾಂಕ್ರೀಟ್ ಗೋಡೆಯೂ ಇದೆಯೋ, ಒಮ್ಮೆ ಇಳಿದು ನೋಡಿ ಬರೆಯಿರಿ. ಕಂಬದಲ್ಲಿ ಬಿರುಕೋ ತುಕ್ಕಿನ ಕಲೆಯೋ ಕಂಡರೆ ಅದನ್ನೂ ಹೇಳಿ. ನನಗೆ ತಿಳಿದಷ್ಟು ಖಂಡಿತ ಹೇಳುತ್ತೇನೆ.